ಗಾಳಿ, ಜರಡಿ, ಹಲ್ಲು: ಕಾಳು ಹಸನ ಮಾಡಿದವರ ಲೆಕ್ಕ

ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ, ಈ ನಾಲ್ಕು ತಾಲ್ಲೂಕುಗಳ ಹಳೆಯ ಸಂಗತಿ ಹುಡುಕಿಕೊಂಡು ಹೋಗುವ ನಮ್ಮ ಪಾಡ್‌ಕಾಸ್ಟ್‌ನ ಮತ್ತೊಂದು ಕಂತು ಇದು. ಈ ಸಲ ಕೋಟೆ ಇಲ್ಲ, ಗುಮ್ಮಟ ಇಲ್ಲ, ರಾಜರ ಜಗಳ ಇಲ್ಲ. ಈ ಸಲದ ಕಥೆ ಒಂದು ಮರದ್ದು. ಗಿಡ ಅಲ್ರಿ, ಕಾಳು ಕೇರುವ ಮರ. ದಕ್ಷಿಣದ ಕಡೆ ಮೊರ ಅಂತಾರೆ.

ಮೊದಲು ನನ್ನದೇ ಒಂದು ತಪ್ಪಿನಿಂದ ಶುರು ಮಾಡ್ತೀನಿ.

ಎರಡು ವರ್ಷದ ಹಿಂದೆ, ಜನವರಿ ತಿಂಗಳು. ನಮ್ಮ ಹೊಲದ ತೊಗರಿ ರಾಶಿ ಆಗಿತ್ತು. ಗಿಡ ಇನ್ನೂ ಸ್ವಲ್ಪ ಹಸಿ ಇದ್ದಾಗಲೇ ಅವಸರ ಮಾಡಿ ರಾಶಿ ಮಷೀನ್‌ಗೆ ಹಾಕಿದ್ವಿ. ಖರೀದಿ ಕೇಂದ್ರಕ್ಕೆ ಒಯ್ಯುವ ಹಿಂದಿನ ರಾತ್ರಿ ಆಯಿ ಚೀಲದಿಂದ ನಾಲ್ಕು ಕಾಳು ತೆಗೆದು ಹಲ್ಲಿನಾಗ ಕಚ್ಚಿ ನೋಡಿದಳು. "ತಮ್ಮಾ, ಇನ್ನೂ ಹಸಿ ಐತಿ. ಎರಡ ದಿನ ಬಿಸಲಿಗಿ ಹಾಕು" ಅಂದಳು. ನಾನು ಬಿಕಾಂ ಓದಿದವ. ಗಾಡಿ ಬಾಡಿಗೆ ಮಾತಾಡಿ ಆಗಿತ್ತು, ಮುಂಗಡ ಕೊಟ್ಟಾಗಿತ್ತು. "ಆಯಿ, ನಿನ್ನ ಹಲ್ಲಿನ ಮಾತು ಅಲ್ಲಿ ನಡೆಯೂದಿಲ್ಲ, ಅಲ್ಲಿ ಮಷೀನ್ ಇರ್ತೈತಿ" ಅಂದೆ.

ಅಲ್ಲಿ ಮಷೀನ್ ಇತ್ತು. ಮಷೀನ್ ಆಯಿ ಹೇಳಿದ್ದನ್ನೇ ಹೇಳಿತು. ತೊಗರಿಗೆ ತೇವಾಂಶದ ಮಿತಿ ಶೇ 12. ನಮ್ಮದು ಅದಕ್ಕಿಂತ ಮೇಲಿತ್ತು, ಕಸವೂ ಹೆಚ್ಚಿತ್ತು. ಚೀಲ ವಾಪಸ್ ಬಂದವು. ಅವ್ವ, ಆಯಿ, ಓಣಿಯ ಇಬ್ಬರು ಹೆಣ್ಣುಮಕ್ಕಳು ಕೂಡಿ ಎರಡು ದಿನ ಮಾಳಿಗೆ ಮೇಲೆ ಹರವಿ ಒಣಗಿಸಿದರು, ಸಾಣಿಗೆ ಹಿಡಿದರು, ಕೇರಿದರು, ಆರಿಸಿದರು. ಎರಡನೇ ಸಲ ಮಾಲು ಪಾಸಾಯಿತು.

ರೊಕ್ಕ ಬಂದ ಮೇಲೆ ನಾನು ವಹಿ ಬರೆಯಲು ಕೂತೆ. ಬೀಜ, ಔಷಧಿ, ಮಷೀನ್ ಬಾಡಿಗೆ, ಗಾಡಿ ಬಾಡಿಗೆ ಎರಡು ಸಲ, ಹಮಾಲಿ, ಚೀಲದ ರೊಕ್ಕ. ಎಲ್ಲಕ್ಕೂ ಒಂದೊಂದು ಸಾಲು ಇತ್ತು. ನಾಲ್ಕು ಮಂದಿ ಎರಡು ದಿನ ಕೂತು ಹಸನ ಮಾಡಿದ್ದಕ್ಕೆ ಮಾತ್ರ ಸಾಲೇ ಇರಲಿಲ್ಲ. ಆ ಇಲ್ಲದ ಸಾಲಿನ ಬೆನ್ನು ಹತ್ತಿ ಹೋದಾಗ ಸಿಕ್ಕ ಇತಿಹಾಸವೇ ಇವತ್ತಿನ ಕಂತು.

"ಗಾಳಿ ಬಂದಾಗ ತೂರಿಕೋ" ಅಂತ ಗಾದೆ ಐತಲ್ಲ, ಅದನ್ನು ಈಗ ಎಲ್ಲರೂ ಅವಕಾಶ ಬಳಸಿಕೋ ಅನ್ನೋ ಅರ್ಥಕ್ಕೆ ಹೇಳ್ತಾರೆ. ರಾಜಕಾರಣಿ ಪಕ್ಷ ಬಿಟ್ಟಾಗಲೂ ಅದೇ ಗಾದೆ. ಆದರೆ ಅದು ಹುಟ್ಟಿದ್ದು ಕಣದಲ್ಲಿ. ಎತ್ತುಗಳು ಮೇಟಿ ಸುತ್ತ ತಿರುಗಿ, ರೋಣಗಲ್ಲು ಉರುಳಿ, ತೆನೆಯಿಂದ ಕಾಳು ಉದುರಿದ ಮೇಲೆ ಕಾಳು, ಹೊಟ್ಟು, ಧೂಳು ಎಲ್ಲ ಒಂದೇ ಗುಂಪಿಯಾಗಿ ಬಿದ್ದಿರುತ್ತಿತ್ತು. ಅದನ್ನು ಎತ್ತರದಲ್ಲಿ ನಿಂತು, ಗಾಳಿಗೆ ಅಡ್ಡ ಹಿಡಿದು ನಿಧಾನಕ್ಕೆ ಸುರಿಯಬೇಕು. ಕಾಳು ಸಣ್ಣದು, ಗಟ್ಟಿ, ತೂಕದ್ದು, ಅದಕ್ಕೆ ನೇರ ಕಾಲ ಬುಡಕ್ಕೆ ಬೀಳ್ತದೆ. ಹೊಟ್ಟು ಹಗುರ, ಅಗಲ, ಗಾಳಿ ಅದನ್ನು ದೂರ ಒಯ್ತದೆ. ಜೊಳ್ಳು ಕಾಳು ಎರಡರ ನಡುವೆ ಬೀಳ್ತದೆ. ಒಂದೇ ಗಾಳಿ ಮೂರು ಸಾಲು ಮಾಡಿ ಕೊಟ್ಟಿತು ನೋಡ್ರಿ. ಗಾಳಿ ಬೀಸದಿದ್ದರೆ ಕಣ ಕಾಯ್ತಾ ಕೂರಬೇಕು, ಬೀಸಿತು ಅಂದ್ರೆ ಮಧ್ಯರಾತ್ರಿ ಆದ್ರೂ ಏಳಬೇಕು.

ಗಾಳಿ ತೂಕ ನೋಡ್ತದೆ. ಆದರೆ ಕಾಳಿನಷ್ಟೇ ತೂಕದ ಹರಳನ್ನು ಗಾಳಿ ಹಿಡಿಯೋದಿಲ್ಲ. ಅದಕ್ಕೆ ಸಾಣಿಗೆ ಬಂತು. ಸಾಣಿಗೆ ತೂಕ ಕೇಳೋದಿಲ್ಲ, ಗಾತ್ರ ಕೇಳ್ತದೆ. ತೂತಿಗಿಂತ ಸಣ್ಣದಿದ್ದರೆ ಕೆಳಗೆ, ದೊಡ್ಡದಿದ್ದರೆ ಮೇಲೆ. ಕಾಳಿನಷ್ಟೇ ದಪ್ಪದ ಹರಳನ್ನು ಸಾಣಿಗೆಯೂ ಹಿಡಿಯೋದಿಲ್ಲ. ಆಗ ಮರ. ಮರವನ್ನು ಸ್ವಲ್ಪ ಓರೆ ಹಿಡಿದು ಕೇರಿದರೆ ಹಗುರ ಮುಂದಕ್ಕೆ ಹಾರ್ತದೆ, ಭಾರ ಹಿಂದಕ್ಕೆ ಸೇರ್ತದೆ. ಅಲ್ಲೂ ತಪ್ಪಿಸಿಕೊಂಡ ಹರಳು ತೊಳೆಯುವಾಗ ನೀರಿನ ತಳಕ್ಕೆ ಕೂರ್ತದೆ, ಹುಳ ತಿಂದ ಕಾಳು ಮೇಲೆ ತೇಲ್ತದೆ. ಕಡೆಗೆ ಉಳಿಯೋದು ಕಣ್ಣು ಮತ್ತು ಬೆರಳು. ಬಣ್ಣ ಕೆಟ್ಟಿದ್ದು, ಹೊಳಪು ಹೋಗಿದ್ದು, ಮುಕ್ಕಾಗಿದ್ದು, ಒಂದೊಂದಾಗಿ ಆರಿಸಬೇಕು. ಒಣಗಿದೆಯೋ ಇಲ್ಲವೋ ತಿಳಿಯಲು ಹಲ್ಲು. ಒಣ ಕಾಳು ಕಟ್ ಅಂತ ಒಡೀತದೆ, ಹಸಿ ಕಾಳು ಹಲ್ಲಿಗೆ ಮೆತ್ತಗೆ ಅಂಟ್ತದೆ. ಮುಷ್ಟಿಯಲ್ಲಿ ಹಿಡಿದು ಅಲ್ಲಾಡಿಸಿದಾಗ ಬರುವ ಸಪ್ಪಳವೂ ಬೇರೆ.

ತೂಕ, ಗಾತ್ರ, ತೇಲೋದು ಮುಳುಗೋದು, ಬಣ್ಣ, ಹೊಳಪು, ಗಟ್ಟಿತನ, ತೇವ. ಆರನೇ ಇಯತ್ತೆಯ ವಿಜ್ಞಾನದ ಪುಸ್ತಕದಲ್ಲಿ ವಸ್ತುಗಳ ಗುಣ ನೋಡಿ ಗುಂಪು ಮಾಡಿ ಅಂತ ಒಂದು ಪಾಠ ಬರ್ತದಲ್ಲ, ಆ ಇಡೀ ಪಾಠ ನಮ್ಮ ಅಡುಗೆಮನೆಯ ಮೂಲೆಯಲ್ಲಿ ಇತ್ತು. ಕಲಿಸುವವಳಿಗೆ ತಾನು ವಿಜ್ಞಾನ ಕಲಿಸ್ತಾ ಇದ್ದೀನಿ ಅಂತ ಗೊತ್ತಿರಲಿಲ್ಲ, ಅಷ್ಟೇ.

ಈ ಕೈಗುಣ ಎಷ್ಟು ಹಳೆಯದು? ನಮ್ಮ ನೆಲದಲ್ಲೇ ಉತ್ತರ ಐತಿ. ತಾಳಿಕೋಟೆ ಅಂದಕೂಡಲೇ ಎಲ್ಲರಿಗೂ 1565ರ ಯುದ್ಧ ನೆನಪಾಗ್ತದೆ. ಆ ತಾಳಿಕೋಟೆ ದಾಟಿ ಪೂರ್ವಕ್ಕೆ ಹೋದರೆ ಯಾದಗಿರಿ ಜಿಲ್ಲೆಯ ಹುಣಸಗಿ ಸೀಮೆ ಸಿಗ್ತದೆ. ಅಲ್ಲಿನ ಇಸಾಂಪುರದಲ್ಲಿ ಪುಣೆಯ ಡೆಕ್ಕನ್ ಕಾಲೇಜಿನ ಪುರಾತತ್ವ ವಿದ್ವಾಂಸ ಕೆ. ಪದ್ದಯ್ಯ ಅವರ ತಂಡ 1990ರ ದಶಕದ ಕೊನೆಗೆ ಉತ್ಖನನ ಮಾಡಿತು. ಆದಿಮಾನವರು ಕಲ್ಲಿನ ಕೈಕೊಡಲಿ ಮಾಡುತ್ತಿದ್ದ ಜಾಗ ಅದು. ಅಲ್ಲಿ ಸಿಕ್ಕ ಪ್ರಾಣಿಗಳ ಹಲ್ಲುಗಳನ್ನು ಪರೀಕ್ಷಿಸಿ ಕಾಲ ಲೆಕ್ಕ ಹಾಕಿದಾಗ ಸುಮಾರು 12 ಲಕ್ಷ ವರ್ಷ ಅಂತ ಬಂತು. ಅವರು ಕೈಗೆ ಸಿಕ್ಕ ಕಲ್ಲನ್ನೆಲ್ಲ ಹೊಡೆಯಲಿಲ್ಲ. ಹಲಗೆ ಹಲಗೆಯಾಗಿ ಏಳುವ ಸುಣ್ಣದಕಲ್ಲಿನಲ್ಲಿ ಬೇಕಾದ ದಪ್ಪದ್ದನ್ನು ಆರಿಸಿದರು. ಅದನ್ನು ಕೆತ್ತಲು ಬೇರೆ ಜಾತಿಯ ಗಟ್ಟಿ ಕಲ್ಲನ್ನು ಸುತ್ತಿಗೆ ಮಾಡಿಕೊಂಡರು. ಯಾವುದು ಒಡೀತದೆ, ಯಾವುದು ಒಡೆಸ್ತದೆ ಅನ್ನೋ ಭೇದ ಅವರ ಕೈಗೆ ಗೊತ್ತಿತ್ತು. ಅಕ್ಷರ ಬರೋಕೆ ಇನ್ನೂ ಲಕ್ಷಾಂತರ ವರ್ಷ ಬಾಕಿ ಇತ್ತು.

ಅಲ್ಲಿಂದ ಮತ್ತೆ ಕಣಕ್ಕೆ ಬರೋಣ, ಯಾಕಂದ್ರೆ ಕಣದಲ್ಲಿ ಬೇರೆ ಆಗುತ್ತಿದ್ದದ್ದು ಕಾಳು, ಹೊಟ್ಟು ಮಾತ್ರ ಅಲ್ಲ.

ಡೋಣಿ ಸಾಲಿನಾಗ ಬೆಳೆ ಬಂದ್ರೆ ಓಣಿ ತುಂಬ ಜೋಳ ಅನ್ನೋ ಮಾತು ನಮ್ಮ ಭಾಗದಲ್ಲಿ ಐತಿ. ಆ ಜೋಳ ಮನೆಗೆ ಬರುವ ಮೊದಲು ಕಣದಲ್ಲೇ ಪಾಲಾಗುತ್ತಿತ್ತು. ಬಡಿಗ, ಕಂಬಾರ, ಕುಂಬಾರ, ಅಗಸ, ಹಡಪದ, ಹೀಗೆ ವರ್ಷವಿಡೀ ದುಡಿದ ಆಯಗಾರರಿಗೆ ಅಲ್ಲೇ ಆಯ ಕೊಡೋದು. ಅಳೆಯುವಾಗ ಮೊದಲ ಸೇರಿಗೆ ಒಂದು ಅನ್ನೋದಿಲ್ಲ, "ಲಾಭ" ಅಂತಾರೆ. ಆಮೇಲೆ ಎರಡು, ಮೂರು. ಕಾಮರ್ಸ್ ಓದಿದ ನನಗೆ ಈ ಪದ್ಧತಿ ಬಹಳ ಇಷ್ಟ. ಖರ್ಚು ಕಳೆಯುವ ಮೊದಲೇ ಲಾಭ ಬರೆದುಬಿಡೋದು!

ಆದರೆ ಯಾರಿಗೆ ಯಾವ ಕಾಳು? ಮೊದಲು ಬಿದ್ದ ಗಟ್ಟಿ ಕಾಳು ಮನೆಗೆ, ಹಗೇವಿಗೆ. ಹಲವು ಊರುಗಳಲ್ಲಿ ಕಣದ ತಳದಲ್ಲಿ ಮಣ್ಣಿನ ಸಂಗಡ ಉಳಿದ ಕಾಳು, ಗುಡಿಸಿ ತೆಗೆದ ಕಾಳು, ಕೆಳಗಿನ ಜಾತಿ ಅಂತ ಕರೆಸಿಕೊಂಡವರ ಪಾಲಿಗೆ. ಅದನ್ನು ಅವರ ಮನೆಯ ಹೆಣ್ಣುಮಕ್ಕಳು ಮತ್ತೆ ಕೇರಿ, ಮತ್ತೆ ತೊಳೆದು, ಮತ್ತೆ ಆರಿಸಬೇಕು. ಹೆಚ್ಚು ದುಡಿದವರಿಗೆ ಹೆಚ್ಚು ಹಸನ ಮಾಡುವ ಕೆಲಸ. ಕಾಳು ಬೇರೆ ಮಾಡಿದ ಜಾಗದಲ್ಲೇ ಮನುಷ್ಯರನ್ನೂ ಬೇರೆ ಮಾಡಿ ನಿಲ್ಲಿಸಿದ್ದರು.

ಬಸವಣ್ಣನವರ ಊರಿನ ಸೀಮೆಯಲ್ಲಿ ನಿಂತು ಈ ಮಾತು ಆಡುವಾಗ ಒಬ್ಬಾಕೆ ನೆನಪಾಗಲೇಬೇಕು, ಆಯ್ದಕ್ಕಿ ಲಕ್ಕಮ್ಮ. 12ನೇ ಶತಮಾನದ ಶರಣೆ. ಗಂಡ ಮಾರಯ್ಯ. ಲಿಂಗಸುಗೂರು ಕಡೆಯ ಅಮರೇಶ್ವರದಿಂದ ಕಲ್ಯಾಣಕ್ಕೆ ಬಂದವರು ಅಂತ ಪರಂಪರೆ ಹೇಳ್ತದೆ. ಬಿದ್ದ ಅಕ್ಕಿ ಆಯೋದೇ ಅವರ ಕಾಯಕ, ಅದೇ ಅವರ ಹೆಸರು. ಒಂದು ದಿನ ಮಾರಯ್ಯ ಎಂದಿಗಿಂತ ಹೆಚ್ಚು ಅಕ್ಕಿ ತಂದಾಗ, ಇಷ್ಟು ನಮಗೆ ಯಾಕೆ ಅಂತ ಕೇಳಿ ವಾಪಸ್ ಕಳಿಸಿದಳು ಅನ್ನೋ ಕಥೆ ನಿಮಗೆಲ್ಲ ಗೊತ್ತು. ಅದನ್ನು ಆಸೆ ಬೇಡ ಅನ್ನೋ ನೀತಿಕಥೆಯಾಗಿ ಕೇಳಿದ್ದೀವಿ. ನನಗೆ ಈಗ ಅದರಲ್ಲಿ ಇನ್ನೊಂದು ಕಾಣ್ತದೆ. ಮನೆಗೆ ಬಂದ ಅಕ್ಕಿ ನೋಡಿದ ಕೂಡಲೇ, ಇದು ದಿನದ ಅಳತೆ ಅಲ್ಲ ಅಂತ ಗುರುತಿಸುವ ಕಣ್ಣು ಆಕೆಗಿತ್ತು. ಕಾಳು ಆಯುವವರನ್ನು ಹೆಸರಿಟ್ಟು ನೆನೆಸಿಕೊಂಡ ಚರಿತ್ರೆ ಬಹಳ ಇಲ್ರಿ. ಇದು ಅಂಥ ಒಂದು ಅಪರೂಪದ ಜಾಗ.

ಇನ್ನು ಅಳತೆಗೆ ಬರ್ತೀನಿ. ನನ್ನ ಓದು ಕೆಲಸಕ್ಕೆ ಬಂದಿದ್ದು ಇಲ್ಲೇ.

ಮುತ್ಯಾನ ಕಾಲದಲ್ಲಿ ಕಾಳನ್ನು ತೂಗ್ತಿರಲಿಲ್ಲ, ಅಳೀತಿದ್ರು. ಗಿದ್ನ, ಅಚ್ಚೇರು, ಸೇರು. ಇವು ಪಾತ್ರೆಗಳು. ಪಾತ್ರೆ ಜಾಗ ಅಳೀತದೆ, ತೂಕ ಅಲ್ಲ. ಈಗ ಯೋಚನೆ ಮಾಡ್ರಿ, ಪಾತ್ರೆಯಲ್ಲಿ ಅಳೆದಾಗ ಮೋಸ ಹೆಂಗೆ ಆಗ್ತದೆ? ಜೊಳ್ಳು ಕಾಳು ಸೇರಿಸಿದರೆ. ಗಟ್ಟಿ ಕಾಳು ಹಿಡಿಯುವ ಜಾಗವನ್ನೇ ಜೊಳ್ಳೂ ಹಿಡೀತದೆ, ಹಿಟ್ಟು ಮಾತ್ರ ಬರೋದಿಲ್ಲ. ಇಲ್ಲಾಂದ್ರೆ ಕೊಡುವಾಗ ಕೋಲಿನಿಂದ ಸವರಿ ಅಳೆಯೋದು, ತಗೊಳ್ಳುವಾಗ ತಲೆಗಟ್ಟಿ ಅಳೆಯೋದು. ಅದಕ್ಕೇ ಆ ಕಾಲದ ದೊಡ್ಡ ಪರೀಕ್ಷೆ ಗಟ್ಟಿಯೋ ಜೊಳ್ಳೋ ಅನ್ನೋದು. ನಮ್ಮ ಮಾತಿನಲ್ಲಿ ಮನುಷ್ಯರನ್ನೂ ಗಟ್ಟಿ, ಜೊಳ್ಳು ಅಂತ ಅಳೆಯೋದು ಅಲ್ಲಿಂದಲೇ ಬಂದಿರಬೇಕು.

ಸ್ವಾತಂತ್ರ್ಯ ಬಂದ ಮೇಲೆ 1956ರಲ್ಲಿ ತೂಕ ಮತ್ತು ಅಳತೆಗಳ ಕಾಯ್ದೆ ಬಂತು. 1957ರ ಏಪ್ರಿಲ್‌ನಲ್ಲಿ ಹೊಸ ಪೈಸೆ, 1958ರ ಅಕ್ಟೋಬರ್‌ನಿಂದ ಕಿಲೋಗ್ರಾಂ. ಕೆಲವು ವರ್ಷ ಹಳೆಯದೂ ಹೊಸದೂ ಕೂಡಿ ನಡೆದವು, 1960ರ ದಶಕದ ಆರಂಭದಲ್ಲಿ ಹೊಸದು ಕಡ್ಡಾಯ ಆಯ್ತು. ಕಾಳು ಪಾತ್ರೆಯಿಂದ ತಕ್ಕಡಿಗೆ ಹೋಯಿತು. ಹೋದ ಕೂಡಲೇ ಮೋಸದ ರೀತಿ ಬದಲಾಯಿತು. ತಕ್ಕಡಿಯಲ್ಲಿ ಜೊಳ್ಳಿನಿಂದ ಲಾಭ ಇಲ್ಲ, ಅದಕ್ಕೆ ತೂಕವೇ ಇಲ್ಲ. ತಕ್ಕಡಿಗೆ ಮೋಸ ಮಾಡೋದು ಎರಡು, ಕಲ್ಲು ಮತ್ತು ನೀರು.

ಲೆಕ್ಕ ಹಾಕಿ ತೋರಿಸ್ತೀನಿ. ಒಂದು ಕ್ವಿಂಟಲ್ ತೊಗರಿಯಲ್ಲಿ ಶೇ 14 ತೇವ ಇದೆ ಅಂದ್ಕೊಳ್ರಿ. ಅಂದ್ರೆ 14 ಕೆಜಿ ನೀರು, 86 ಕೆಜಿ ಒಣ ಪದಾರ್ಥ. ಅದನ್ನೇ ಬಿಸಿಲಿಗೆ ಹಾಕಿ ಶೇ 12ಕ್ಕೆ ಇಳಿಸಿದರೆ ಒಟ್ಟು ತೂಕ ಸುಮಾರು 97.7 ಕೆಜಿ ಆಗ್ತದೆ. ಹಸಿ ಮಾಲು ಕೊಂಡವನು ಪ್ರತಿ ಕ್ವಿಂಟಲ್‌ಗೆ 2.3 ಕೆಜಿ ನೀರಿಗೆ ತೊಗರಿಯ ದರ ಕೊಟ್ಟಂಗೆ. ಜೊತೆಗೆ ಹಸಿ ಕಾಳು ಗೋದಾಮಿನಲ್ಲಿ ಬೂಷ್ಟು ಹಿಡೀತದೆ, ಹುಳ ಬೀಳ್ತದೆ. ಹಗೇವು ಇದ್ದ ಕಾಲದವರಿಗೆ ಇದು ಚೆನ್ನಾಗಿ ಗೊತ್ತಿತ್ತು. ನೆಲದ ಒಳಗಿನ ಆ ಗುಂಡಿಗೆ ಹಸಿ ಕಾಳು ಹಾಕಿದರೆ ಬರಗಾಲಕ್ಕೆ ಅಂತ ಇಟ್ಟ ಅನ್ನವೇ ಕೊಳೆತುಹೋಗುತ್ತಿತ್ತು. ಹಲ್ಲಿನಿಂದ ಕಚ್ಚಿ ನೋಡುವುದು ಅವರಿಗೆ ದರದ ಪ್ರಶ್ನೆ ಆಗಿರಲಿಲ್ಲ, ಮುಂದಿನ ವರ್ಷ ಉಳಿಯುವ ಪ್ರಶ್ನೆ ಆಗಿತ್ತು.

ಹಂಗಾದ್ರೆ ಗುಣ ನೋಡುವ ಅಧಿಕಾರ ಮನೆಯಿಂದ ಪೇಟೆಗೆ ಹೋಗಿದ್ದು ಯಾವಾಗ? ನಮ್ಮ ನಾಲ್ಕೂ ತಾಲ್ಲೂಕುಗಳು 1956ರ ನವೆಂಬರ್ 1ರವರೆಗೆ ಮುಂಬೈ ಆಡಳಿತದಲ್ಲಿದ್ದವು. ಆ ಕಾಲದ ಹಲವು ಪೇಟೆಗಳಲ್ಲಿ ದರ ನಿಗದಿ ಆಗುತ್ತಿದ್ದದ್ದು ವಸ್ತ್ರದ ಕೆಳಗೆ, ಬೆರಳು ಹಿಡಿದು. ಕೊಳ್ಳುವವನಿಗೂ ದಲಾಲಿಗೂ ಗೊತ್ತು, ಮಾಲಿನ ಒಡೆಯ ಮಾತ್ರ ಪಕ್ಕದಲ್ಲಿ ನಿಂತಿರುತ್ತಿದ್ದ. "ಹಸಿ ಐತಿ", "ಕಸ ಐತಿ" ಅಂತ ಕೈಯಲ್ಲಿ ಒಂದು ಹಿಡಿ ಎತ್ತಿ ಹೇಳಿದರೆ ಮುಗೀತು, ಅಷ್ಟು ಮುರಿದುಕೊಳ್ಳೋದೇ. ಲಿನ್‌ಲಿತ್‌ಗೋ ಅಧ್ಯಕ್ಷತೆಯ ಕೃಷಿ ಆಯೋಗ 1928ರ ವರದಿಯಲ್ಲಿ ನಿಯಂತ್ರಿತ ಮಾರುಕಟ್ಟೆಗಳು ಬೇಕು ಅಂದಿತು. 1937ರಲ್ಲಿ ಕೃಷಿ ಉತ್ಪನ್ನಗಳ ದರ್ಜೆ ಮತ್ತು ಗುರುತಿನ ಕಾಯ್ದೆ ಬಂತು, ಇವತ್ತಿನ ಅಗ್‌ಮಾರ್ಕ್ ಅದರಿಂದ ಬಂದದ್ದು. 1939ರಲ್ಲಿ ಮುಂಬೈ ಪ್ರಾಂತ್ಯದ ಕೃಷಿ ಮಾರುಕಟ್ಟೆ ಕಾಯ್ದೆ. 1966ರಲ್ಲಿ ನಮ್ಮ ರಾಜ್ಯದ್ದು.

ಇದನ್ನು ನಾನು ಬೈಯಲು ಹೇಳ್ತಿಲ್ಲ. ಮಷೀನ್ ಬಂದದ್ದು ಒಳ್ಳೆಯದೇ. ದಲಾಲಿಯ ಹಲ್ಲು ದಲಾಲಿಯ ಪರ, ರೈತನ ಹಲ್ಲು ರೈತನ ಪರ. ಮಷೀನ್‌ಗೆ ಯಾರ ಪರವೂ ಇಲ್ಲ, ಅದನ್ನು ಸರಿಯಾಗಿ ಇಟ್ಟುಕೊಂಡಿದ್ದರೆ. ತೊಗರಿಗೆ ಶೇ 12, ಜೋಳಕ್ಕೆ ಶೇ 14 ಅಂತ ಅಂಕಿ ಬರೆದಿಟ್ಟ ಮೇಲೆ ರೈತನೂ ಮಾತಾಡಬಹುದು. ತೊಂದರೆ ಬೇರೆ ಕಡೆ ಐತಿ. ಮಷೀನ್ ಇರೋದು ಬಾಗಿಲಲ್ಲಿ. ಅಲ್ಲಿಗೆ ಹೋಗಿ ತಲುಪುವಾಗ ಗಾಡಿ ಬಾಡಿಗೆ ಕೊಟ್ಟಾಗಿರ್ತದೆ. ಮನೆಯಲ್ಲಿದ್ದ ಜ್ಞಾನವನ್ನು ನಾವು ಬಿಟ್ಟಿದ್ದೀವಿ, ಬಾಗಿಲಿನ ಜ್ಞಾನ ಇನ್ನೂ ನಮ್ಮ ಕೈಗೆ ಬಂದಿಲ್ಲ. ಈ ನಡುವಿನ ದಾರಿಯಲ್ಲೇ ನನ್ನಂಥವರ ಚೀಲ ವಾಪಸ್ ಬರ್ತಾವೆ.

ಗುಣ ನೋಡಿ ಬೇರೆ ಮಾಡೋದಕ್ಕೆ ಎಷ್ಟು ಬೆಲೆ ಅನ್ನೋದಕ್ಕೆ ಎರಡು ಉದಾಹರಣೆ ಹೇಳ್ತೀನಿ. ಒಂದು, ಮಾಲದಂಡಿ ಜೋಳ. ಇಂಡಿಯಿಂದ ಭೀಮಾ ದಾಟಿದರೆ ಸೋಲಾಪುರ ಜಿಲ್ಲೆ. ಅಲ್ಲಿನ ಮೊಹೊಳದಲ್ಲಿ 1930ರ ದಶಕದಲ್ಲಿ ರೈತರ ಹೊಲದ ಮಾಲದಂಡಿಯಿಂದಲೇ ಒಳ್ಳೆಯದನ್ನು ಆರಿಸಿ, ಮತ್ತೆ ಬಿತ್ತಿ, ಮತ್ತೆ ಆರಿಸಿ ಮಾಡಿದ ತಳಿ ಎಂ 35-1. ಮುತ್ತಿನಂಥ ಬಿಳುಪು, ದುಂಡು ಕಾಳು, ರೊಟ್ಟಿಗೆ ಜಿಗಿ. ಹೊಸ ತಳಿಗಳು ಎಷ್ಟೋ ಬಂದರೂ ನಮ್ಮ ಹಿಂಗಾರಿಯಲ್ಲಿ ಅದರ ಹೆಸರು ಇನ್ನೂ ಹೋಗಿಲ್ಲ. ಕೇಂದ್ರ ಸರ್ಕಾರ 2024-25ಕ್ಕೆ ಹೈಬ್ರಿಡ್ ಜೋಳಕ್ಕೆ ಕ್ವಿಂಟಲ್‌ಗೆ 3,371 ರೂಪಾಯಿ, ಮಾಲದಂಡಿಗೆ 3,421 ರೂಪಾಯಿ ಬೆಂಬಲ ಬೆಲೆ ಇಟ್ಟಿತು. ಕಾಳಿನ ಗುಣಕ್ಕೆ ಸರ್ಕಾರ ಬರೆದ ಬೆಲೆ 50 ರೂಪಾಯಿ. ಪೇಟೆಯಲ್ಲಿ ಹೊಳಪು ನೋಡಿ ಕೊಡುವ ಫರಕು ಬೇರೆಯೇ ಇರ್ತದೆ.

ಎರಡು, ಇಂಡಿಯ ಲಿಂಬಿ. ರಾಜ್ಯದ ನಿಂಬೆ ಅಭಿವೃದ್ಧಿ ಮಂಡಳಿ ಇರೋದೇ ಇಂಡಿಯಲ್ಲಿ, ಇಂಡಿ ಲಿಂಬಿಗೆ ಭೌಗೋಳಿಕ ಸೂಚಕ ಮಾನ್ಯತೆಯೂ ಸಿಕ್ಕಿದೆ. ಚೀಲ ಕಟ್ಟುವ ಮೊದಲು ಗುಂಪಿ ಮುಂದೆ ಕೂತು ದಪ್ಪ, ಮಧ್ಯಮ, ಸಣ್ಣ, ಹಸಿರು, ಹಳದಿ, ಕಲೆ ಬಿದ್ದದ್ದು ಅಂತ ಬೇರೆ ಮಾಡುವವರ ಕೈ ನೋಡ್ರಿ. ಒಂದು ಹಣ್ಣು ಅಂಗೈಯಲ್ಲಿ ನಿಲ್ಲೋದು ಒಂದು ಕ್ಷಣ. ಅಷ್ಟರಲ್ಲಿ ಗಾತ್ರ, ಬಣ್ಣ, ಸಿಪ್ಪೆಯ ತೆಳುವು, ತೂಕ ಎಲ್ಲ ಮುಗಿದಿರ್ತದೆ. ತೂಕ ಇದ್ದರೆ ರಸ ಐತಿ.

ಈಗ ಬೇಳೆ ಮಿಲ್ಲುಗಳಿಗೆ ಕಲರ್ ಸಾರ್ಟರ್ ಬಂದಿವೆ. ಕ್ಯಾಮೆರಾ ಬಣ್ಣ ನೋಡ್ತದೆ, ಕೆಟ್ಟ ಕಾಳಿಗೆ ಒಂದು ಪುಟ್ಟ ಗಾಳಿಯ ಹೊಡೆತ ಬಿದ್ದು ಅದು ಪಕ್ಕಕ್ಕೆ ಹಾರ್ತದೆ. ಕಲ್ಲು ತೆಗೆಯುವ ಮಷೀನ್‌ನಲ್ಲಿ ಓರೆ ಹಲಗೆ ನಡುಗ್ತದೆ, ಕೆಳಗಿನಿಂದ ಗಾಳಿ ಬರ್ತದೆ, ಕಾಳು ತೇಲಿ ಕೆಳಕ್ಕೆ ಇಳೀತದೆ, ಕಲ್ಲು ಹಲಗೆಗೆ ಹತ್ತಿಕೊಂಡು ಮೇಲಕ್ಕೆ ಏರ್ತದೆ. ಮೊದಲ ಸಲ ನೋಡಿದಾಗ ನನಗೆ ನಗು ಬಂತು. ಓರೆ ಹಿಡಿದದ್ದು, ಅಲುಗಾಡಿಸಿದ್ದು, ಗಾಳಿ ಹಾಕಿದ್ದು, ಇದು ಆಯಿಯ ಮರವೇ ಅಲ್ಲೇನ್ರಿ? ಫರಕು ಒಂದೇ. ಮಷೀನ್‌ಗೆ ಮಿಲ್ಲಿನ ವಹಿಯಲ್ಲಿ ಸಾಲು ಐತಿ. ಕೊಂಡ ಬೆಲೆ, ವರ್ಷ ವರ್ಷದ ಸವಕಳಿ, ಕರೆಂಟ್ ಬಿಲ್ಲು. ಆಯಿಯ ಬೆನ್ನು ನೋವಿಗೆ ಸವಕಳಿ ಯಾರೂ ಬರೆದಿಲ್ಲ.

ಹಂಗಾಗಿ ಈಗ ನಾನು ಮೂರು ಕೆಲಸ ಮಾಡ್ತೀನಿ, ನೀವೂ ಮಾಡಬಹುದು. ಗಾಡಿ ಮಾತಾಡುವ ಮೊದಲು ಮನೆಯ ಹಿರಿಯರ ಕೈಗೆ ಒಂದು ಹಿಡಿ ಕಾಳು ಕೊಡ್ರಿ, ಕಚ್ಚಿ ಹೇಳಲಿ. ಅನುಮಾನ ಇದ್ದರೆ ಒಂದೆರಡು ಕೆಜಿ ಮಾದರಿ ಮಾತ್ರ ಒಯ್ದು ತೇವ ಪರೀಕ್ಷೆ ಮಾಡಿಸಿ ಬರ್ರಿ, ಪರೀಕ್ಷೆ ನಿಮ್ಮ ಕಣ್ಣ ಮುಂದೆ ಆಗಲಿ, ಅಂಕಿ ಬರೆದುಕೊಳ್ರಿ. ಮೂರನೆಯದು, ವಹಿಯಲ್ಲಿ ಒಂದು ಸಾಲು ಹೆಚ್ಚು ಮಾಡ್ರಿ.

ನಾನು ಮಾಡಿದೆ. ಆ ವರ್ಷದ ಪುಟವನ್ನೇ ಮತ್ತೆ ತೆಗೆದು "ಹಸನ ಮಾಡಿದ ಕೂಲಿ, 4 ಆಳು, 2 ದಿನ" ಅಂತ ಬರೆದು ಎಂಟು ಆಳಿನ ಕೂಲಿ ಹಾಕಿದೆ. ಲಾಭ ಅಷ್ಟು ಕಡಿಮೆ ಆಯಿತು. ಓಣಿಯ ಇಬ್ಬರಿಗೆ ರೊಕ್ಕ ಕೊಟ್ಟೆ. ಅವ್ವ ನಕ್ಕು ಒಳಗೆ ಹೋದಳು. ಆಯಿ ಮಾತ್ರ ನೋಟು ಕೈಯಲ್ಲಿ ಹಿಡಿದು, ಬೆಳಕಿಗೆ ಎತ್ತಿ ನೋಡಿ, ಬೆರಳಲ್ಲಿ ತಿಕ್ಕಿ, "ಖರೇ ನೋಟ ಐತಿ ತಮ್ಮಾ" ಅಂದಳು.

ಗುಣ ನೋಡೋದು ಆಕೆ ಬಿಡಲಿಲ್ಲ.

ನಿಮ್ಮ ಮನೆಯಲ್ಲಿ ಕಾಳು ಹಸನ ಮಾಡುವಾಗ ಬಳಸುವ ಪದಗಳು, ಹಳೆಯ ಅಳತೆಗಳ ಹೆಸರು ನೆನಪಿದ್ದರೆ ಧ್ವನಿ ಸಂದೇಶ ಮಾಡಿ ಕಳಿಸ್ರಿ. ಹಿರಿಯರ ದನಿಯಲ್ಲೇ ಇದ್ದರೆ ಇನ್ನೂ ಚಲೋ. ಮುಂದಿನ ಕಂತಿನಾಗ ಸಿಗೋಣ. ಬರ್ತೀನ್ರಿ.